ಎರಡಡಿ ಸ್ನೋದಲ್ಲಿ ಎಟಿವಿ ಓಡಿಸೋಕೆ ಮಡ್ ಟೈರ್ ಸಾಕಾ, ಚೈನೂ ಬೇಕಾ?

ಅಮೆರಿಕದ ಮಿಷಿಗನ್‌ನ ಹೌಟನ್‌ಗೆ ಓದೋಕೆ ಬಂದು ಮೊದಲನೇ ಚಳಿಗಾಲ, ಸೆಕೆಂಡ್ ಹ್ಯಾಂಡ್ 4x4 ಎಟಿವಿ (ಬೈಕ್ ಥರ ಹ್ಯಾಂಡಲ್ ಹಿಡಿದು ಓಡಿಸೋ ನಾಲ್ಕು ದಪ್ಪ ಗಾಲಿ ಗಾಡಿ) ಒಂದು ಕಣ್ಣಿಗೆ ಬಿದ್ದಿದೆ, ಊರಲ್ಲಿ ಕೆಸರಲ್ಲಿ ಜೀಪ್ ಓಡಿಸಿ ಅಭ್ಯಾಸ ಇದೆ, ಹಾಗಾಗಿ ಕೆಸರಿಗೇ ಅಂತ ದೊಡ್ಡ ಗುಬ್ಬಿ ಇರೋ ಮಡ್ ಟೈರ್ ಹಾಕ್ಸಿದ್ರೆ ಆಯ್ತಲ್ಲ ಅಂತೀರ. ಮಾರಾಯ್ರೆ, ಹೆಸರೊಂದು ಬಿಟ್ರೆ ಇದು ನಂದೇ ಕಥೆ. ನಾನು ತೀರ್ಥಹಳ್ಳಿ ಕಡೆಯವನು, ಮಳೆಗಾಲದಲ್ಲಿ ತೋಟದ ರಸ್ತೇಲಿ ಜೀಪ್ ಓಡಿಸಿದೋನು ಎಲ್ಲಿ ಬೇಕಾದ್ರೂ ಓಡಿಸ್ತಾನೆ ಅನ್ನೋ ಧಿಮಾಕು ಬೇರೆ ಇತ್ತು.

ಕ್ಯಾಲುಮೆಟ್ ಊರು ದಾಟಿ ಮೇಲೆ ಹೋದ್ರೆ ಮರ ಸಾಗಿಸೋ ಹಳೇ ರಸ್ತೆಗಳು ಸಿಗ್ತವೆ ನೋಡಿ, ಅಂಥದ್ದೊಂದಕ್ಕೆ ನಾನೂ ರೂಮ್‌ಮೇಟೂ ಒಂದೇ ಗಾಡೀಲಿ ನುಗ್ಗಿದ್ವಿ. ಮೊದಲು ಮಜಾನೇ ಇತ್ತು, ಹಿಂದಿನ ವಾರ ಬಿದ್ದು ಗಟ್ಟಿಯಾಗಿದ್ದ ಸ್ನೋ ಮೇಲೆ ಗಾಡಿ ತೇಲ್ಕೊಂಡೇ ಹೋಯ್ತು. ಒಂದು ತಿರುವು ದಾಟಿದ್ಮೇಲೆ ಗಾಳಿ ತಂದು ಗುಡ್ಡೆ ಹಾಕಿದ್ದ ಹೊಸ ಸ್ನೋ, ಹಿಟ್ಟಿನ ಥರ, ತೊಡೆ ತನಕ. ಗಾಡಿ ನಿಂತ್ತು. ಅಲ್ಲಿಗೆ ಸುಮ್ನೆ ರಿವರ್ಸ್ ಹಾಕಿ, ನಾವೇ ಮಾಡ್ಕೊಂಡು ಬಂದ ಗಾಲಿ ಜಾಡಲ್ಲಿ ಹಿಂದೆ ಬಂದಿದ್ರೆ ಈ ಉತ್ತರ ಬರೆಯೋ ಕೆಲ್ಸಾನೇ ಇರ್ತಿರಲಿಲ್ಲ.

ನಾನು ರೇಸ್ ಕೊಟ್ಟೆ. ಅದೂ ಹೈ ಗೇರಲ್ಲಿ, ಅಂದ್ರೆ ಸ್ಪೀಡ್ ಜಾಸ್ತಿ, ಎಳೆಯೋ ಬಲ ಕಮ್ಮಿ ಇರೋ ಗೇರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲಾ ಹಾಳಾಗಿದ್ದು ಇಲ್ಲೇ. ಕೆಸರಲ್ಲಿ ರೇಸ್ ಕೊಟ್ರೆ ಗಾಲಿ ತಿರುಗಿ ಟೈರಿನ ಗುಬ್ಬಿಗಳಲ್ಲಿ ಅಂಟಿರೋ ಮಣ್ಣು ಹಾರುತ್ತೆ, ಗಾಲಿ ಕೆಳಗೆ ಕೊರ್ಕೊಂಡು ಹೋಗಿ ಗಟ್ಟಿ ನೆಲ ಹಿಡಿಯುತ್ತೆ, ಜೀಪ್ ಎದ್ದು ಬರುತ್ತೆ. ಸ್ನೋದಲ್ಲಿ ಗಾಲಿ ಕೊರೆಯೋದೇ ಕೊರೆಯೋದು, ನೆಲ ಸಿಗೋ ಮುಂಚೆ ಗಾಡಿ ಹೊಟ್ಟೆ ಸ್ನೋ ಮೇಲೆ ಕೂತ್ಬಿಡುತ್ತೆ. ಸಾಮಾನ್ಯ ಎಟಿವಿ ಹೊಟ್ಟೆ ನೆಲದಿಂದ ಹತ್ತು ಹನ್ನೆರಡು ಇಂಚು ಅಷ್ಟೇ ಎತ್ತರ, ನೀವು ಕೇಳ್ತಿರೋದು ಎರಡಡಿ. ಕೂತ ಮೇಲೆ ಪೂರ್ತಿ ಭಾರ ಹೊಟ್ಟೆ ಮೇಲೆ, ನಾಲ್ಕು ಗಾಲಿ ಗಾಳೀಲಿ ತಿರುಗಿದ ಹಾಗೆ ತಿರುಗ್ತಾ ಇರ್ತವೆ, 4x4 ಇದ್ರೇನು ಬಿಟ್ರೇನು. ಅದಕ್ಕೇ ಮಡ್ ಟೈರ್ ಅಂದ್ರೆ ನಂಗೆ ಸಿಟ್ಟು, ಅದು ಇನ್ನೂ ಬೇಗ ಕೊರೆಯುತ್ತೆ.

ಹೈ ಗೇರ್ ವಿಷ್ಯ ಬೇರೆ. ಹೆಚ್ಚಿನ ಎಟಿವಿಗಳಲ್ಲಿ ಸ್ಕೂಟರ್‌ಗಿರೋ ಥರಾನೇ ಎರಡು ಪುಲ್ಲಿ ಮಧ್ಯೆ ರಬ್ಬರ್ ಬೆಲ್ಟು. ಎಂಜಿನ್ ಜೋರಾಗಿ ತಿರುಗಿದ್ರೆ ಮುಂದಿನ ಪುಲ್ಲಿ ಬೆಲ್ಟನ್ನ ಬಿಗಿಯಾಗಿ ಹಿಡಿಯುತ್ತೆ. ಹೈ ಹಾಕಿ ನಿಧಾನಕ್ಕೆ ಭಾರ ಎಳೆಸಿದ್ರೆ ಆ ಹಿಡಿತ ಪೂರ್ತಿ ಬರಲ್ಲ, ಬೆಲ್ಟು ಜಾರುತ್ತೆ, ಜಾರಿದ್ರೆ ಕಾಯುತ್ತೆ, ಕಾದ್ರೆ ಸುಡುತ್ತೆ. ಲೋ ಹಾಕಿದ್ರೆ ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ತಿರುಗಿ ಬೆಲ್ಟು ಗಟ್ಟಿ ಕೂರುತ್ತೆ. ಲಿವರ್ ನನ್ನ ಮೊಣಕಾಲ ಹತ್ರಾನೇ ಇತ್ತು! ರಬ್ಬರ್ ಸುಟ್ಟ ವಾಸನೆ ಬರ್ತಿದ್ರೂ ಇನ್ನೊಂಚೂರು ಇನ್ನೊಂಚೂರು ಅಂತ ಒತ್ತಿದೆ, ಪಟ್ ಅಂತು, ಎಂಜಿನ್ ಕೂಗ್ತಾ ಇದೆ, ಗಾಲಿ ಅಲ್ಲಾಡ್ತಿಲ್ಲ. ಬೆಲ್ಟಿನ ನಾರು ಬಿಚ್ಚಿ ಪುಲ್ಲಿಗೆ ಸುತ್ಕೊಂಡಿತ್ತು, ಆಮೇಲೆ ಪುಲ್ಲೀನೂ ಬದಲಾಯಿಸ್ಬೇಕಾಯ್ತು, ಆ ಸೆಮಿಸ್ಟರ್ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಯ್ತು.

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗೋದು ನಿಮಗೂ ಗೊತ್ತಲ್ಲ. ನಮ್ಮ ಜಾಡಲ್ಲೇ ನಡ್ಕೊಂಡು ಮೇನ್ ರೋಡಿಗೆ ಬಂದ್ವಿ, ಜಾಕೆಟ್ ಒಳಗೆ ಬೆವರಿ ನಿಂತ ಕೂಡ್ಲೇ ನಡುಕ. ಮರುದಿನ ಹೋದ್ರೆ ಬಿಸಿ ಎಂಜಿನ್ನಿಗೆ ಕರಗಿದ ಸ್ನೋ ರಾತ್ರಿ ಐಸ್ ಆಗಿ ಗಾಡೀನ ಕಚ್ಕೊಂಡಿದೆ, ಸಲಿಕೇಲಿ ಬಿಡಿಸಿ ಸ್ನೋಮೊಬೈಲ್ (ಸ್ನೋ ಮೇಲೆ ಓಡಿಸೋ ಸ್ಕೂಟರ್ ಥರದ ಗಾಡಿ) ಇರೋರ ಕೈಲಿ ಎಳೆಸಿದ್ದು.

ಈಗ ನಿಮ್ಮ ಪ್ರಶ್ನೆ. ನನ್ನ ಕೇಳಿದ್ರೆ ಟೈರ್ ಪ್ರಶ್ನೇನೇ ತಪ್ಪು. ಲೇಕ್ ಸುಪೀರಿಯರ್ ನೀರಿನ ಮೇಲೆ ಹಾದು ಬರೋ ಥಂಡಿ ಗಾಳಿ ಹಬೆ ಎಳ್ಕೊಂಡು ಬಂದು ಹೌಟನ್ ಇರೋ ನಮ್ಮ ಕೀವಿನಾ ಸೀಮೆಯ ಗುಡ್ಡಗಳ ಮೇಲೆ ಸ್ನೋ ಆಗಿ ಸುರಿಯುತ್ತೆ, ವರ್ಷಕ್ಕೆ 200 ಇಂಚು ದಾಟೋದು ಮಾಮೂಲು. ಯುಎಸ್ 41 ಹೆದ್ದಾರಿ ಪಕ್ಕದಲ್ಲಿ ಎತ್ತರಕ್ಕೆ ನಿಲ್ಸಿರೋ ಸ್ನೋ ಅಳತೆ ಬೋರ್ಡ್ ನೋಡಿ ಬನ್ನಿ, 1978-79ರ ದಾಖಲೆ 390.4 ಇಂಚು, ಅಂದ್ರೆ ಮೂವತ್ತೆರಡೂವರೆ ಅಡಿ. ಇಂಥ ಜಾಗದಲ್ಲಿ ಕಾಡು ಸುತ್ತೋ ಆಸೆ ಇದ್ರೆ ಹಳೇ ಸ್ನೋಮೊಬೈಲ್ ತಗೊಳ್ಳಿ, ಟ್ರೇಲ್ ಪರ್ಮಿಟ್ ಮಾಡಿಸ್ಕೊಳ್ಳಿ, ಮುಗೀತು. ಎಟಿವಿಗೆ ಗಾಲಿ ಬದಲು ನಾಲ್ಕೂ ಕಡೆ ಟ್ರ್ಯಾಕ್ (ಯುದ್ಧದ ಟ್ಯಾಂಕಿಗಿರೋ ಥರದ ರಬ್ಬರ್ ಪಟ್ಟಿ) ಹಾಕಿಸ್ಬಹುದು, ಭಾರ ಹರಡುತ್ತೆ, ಚೆನ್ನಾಗೇ ಹೋಗುತ್ತೆ, ಆದ್ರೆ ಅದಕ್ಕೆ ಸಾವಿರಾರು ಡಾಲರ್, ನೀವು ತಗೋತಿರೋ ಗಾಡಿಗಿಂತ ಜಾಸ್ತಿ ಆದ್ರೂ ಆಗ್ಬಹುದು.

ಬೇಡ ಎಟಿವಿನೇ ಬೇಕು ಅಂದ್ರೆ ಒಂದಡಿ ಒಳಗಿನ ಸ್ನೋದಲ್ಲಿ ಮಾತ್ರ, ಲೋ ಗೇರಲ್ಲಿ, ಟೈರ್ ಗಾಳಿ ಸ್ವಲ್ಪ ಇಳಿಸಿ, ಹಿಂದೆ ಇನ್ನೊಂದು ಗಾಡಿ ಇಟ್ಕೊಂಡು. ಸಪಾಟಾಗಿ ಚಂದ ಕಾಣೋ ಬಯಲಿಗೆ ಇಳೀಬೇಡಿ, ದಪ್ಪ ಸ್ನೋ ಕಂಬಳಿ ಹೊದ್ದಿರೋ ಜೌಗು ನೆಲ ಎಷ್ಟೋ ಸಲ ಜನವರೀಲೂ ಹೆಪ್ಪುಗಟ್ಟಿರಲ್ಲ, ಕೆಳಗೆ ನೀರು. ಸ್ಪೇರ್ ಬೆಲ್ಟು, ಅದರ ಕವರ್ ಬಿಚ್ಚೋ ಸ್ಪ್ಯಾನರ್ ಸೀಟ್ ಕೆಳಗೆ ಇರ್ಲಿ. ಸಲಿಕೆನೂ. ವಿಂಚ್ (ಹಗ್ಗ ಸುತ್ತಿ ಗಾಡೀನ ಎಳೆಯೋ ಯಂತ್ರ) ಇದ್ರೆ ಒಳ್ಳೇದು, ಆದ್ರೆ ಮರ ಹತ್ರ ಇದ್ದಾಗ ಮಾತ್ರ ಅದು ಉಪಯೋಗ.

ಟೈರಿಗೆ ಸುತ್ತೋ ಚೈನು? ಮುಂದೆ ಪ್ಲೌ ಅನ್ನೋ ಅಗಲ ಹಲಗೆ ಕಟ್ಟಿ ಮನೆ ಮುಂದಿನ ಡ್ರೈವ್‌ವೇ ಸ್ನೋ ತಳ್ಳೋಕಾದ್ರೆ ಖಂಡಿತ ಹಾಕ್ಸಿ, ಅಲ್ಲಿ ಕೆಳಗೆ ಗಟ್ಟಿ ಐಸ್ ಇರುತ್ತೆ, ಕಚ್ಚಿ ಹಿಡಿಯುತ್ತೆ. ಅಕ್ಕಪಕ್ಕದ ಮನೆಯೋರದ್ದೂ ತಳ್ಳಿಕೊಟ್ರೆ ಪೆಟ್ರೋಲ್ ಖರ್ಚಾದ್ರೂ ಹುಟ್ಟುತ್ತೆ. ಆ ಲೆಕ್ಕಕ್ಕೆ ಬೇಕಾದ್ರೆ ಗಾಡಿ ತಗೊಳ್ಳಿ, ತಗೊಳ್ಳೋ ಮುಂಚೆ ಬೆಲ್ಟ್ ಕವರ್ ಬಿಚ್ಚಿಸಿ ನೋಡಿ.