ಒಂಬತ್ತು ಅಂದರೆ ನಗುವ ತರಗತಿ

ತೀರ್ಥಹಳ್ಳಿ ಕಡೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ, ಪತ್ರವನ್ನು ಚಿಕ್ಕದು ಮಾಡಿ ಕೊಡುತ್ತಿದ್ದೇನೆ.

“ನಮ್ಮ ಮಗ ಹತ್ತನೇ ಕ್ಲಾಸ್. ಮೊದಲಿಂದಲೂ ಮೆದು ಸ್ವಭಾವ. ಈ ವರ್ಷ ಶಾಲೆ ಶುರುವಾದಾಗಿಂದ ಹುಡುಗರು ಅವನನ್ನು ‘ಒಂಬತ್ತು’ ಅಂತ ಕರೆಯುತ್ತಾರಂತೆ. ಹಾಜರಿ ಕೂಗುವಾಗ ಒಂಬತ್ತನೇ ನಂಬರ್ ಬಂದರೆ ಕ್ಲಾಸಿಗೆ ಕ್ಲಾಸೇ ಇವನ ಕಡೆ ತಿರುಗಿ ನಗುತ್ತದಂತೆ. ಇವನ ನಂಬರ್ 23. ಯಾರೋ ಇವನ ಫೋಟೊಕ್ಕೆ ಲಿಪ್‌ಸ್ಟಿಕ್ ಬಳಿದು ಇನ್‌ಸ್ಟಾಗ್ರಾಂನಲ್ಲಿ ಸುಳ್ಳು ಅಕೌಂಟ್ ಮಾಡಿದ್ದಾರೆ. ಅದರ ಕೆಳಗೆ ಓದಲಾಗದ ಮಾತುಗಳು. ಸಂಜೆ ಬಸ್ಸಿನಲ್ಲಿ ಒಂದು ಸ್ಟಾಪ್ ಮೊದಲೇ ಇಳಿದು ಎರಡು ಕಿಲೋಮೀಟರ್ ಮಳೆಯಲ್ಲಿ ನಡೆದು ಬರುತ್ತಾನೆ ಅಂತ ಪಕ್ಕದ ಮನೆಯವರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ‘ನಾನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು’ ಅಂತ ಬರೆದಿದ್ದ. ಕೇಳಿದೆ. ತುಂಬಾ ಹೊತ್ತು ಅತ್ತ. ‘ನಂಗೆ ಹುಡುಗೀರು ಇಷ್ಟ ಆಗಲ್ಲ ಅನ್ಸುತ್ತಮ್ಮಾ’ ಅಂದ. ನಮ್ಮನೆಯವರಿಗೆ ಅರ್ಧ ಮಾತ್ರ ಹೇಳಿದ್ದೇನೆ. ಮೊಬೈಲ್ ಕಿತ್ತುಕೋ, ಮಂಗಳೂರು ಕಡೆ ಹಾಸ್ಟೆಲಿಗೆ ಹಾಕೋಣ, ಸರಿಹೋಗ್ತಾನೆ ಅಂತಾರೆ. ಇದು ಕಾಯಿಲೆಯಾ? ಯಾರಿಗೆ ತೋರಿಸಲಿ? ನಾನು ಬೆಳೆಸಿದ್ದರಲ್ಲಿ ಏನಾದರೂ ತಪ್ಪಾಯಿತಾ?”

ತಾಯಿ,

ನಿಮ್ಮ ಪತ್ರ ಓದಿ ಒಂದು ವಾರ ಆಯಿತು. ಪತ್ರಿಕೆ ಅಚ್ಚಾಗುವ ತನಕ ಕಾಯಬಾರದು ಅನ್ನಿಸಿ, ನೀವು ಕೊಟ್ಟ ವಿಳಾಸಕ್ಕೆ ಮೊದಲೇ ಒಂದು ಕಾಗದ ಹಾಕಿದ್ದೇನೆ. ತಲುಪಿರಬಹುದು. ಅದರಲ್ಲಿ ಬರೆದದ್ದನ್ನು ಇಲ್ಲಿಯೂ ಬರೆಯುತ್ತೇನೆ. ಇಂಥ ಪತ್ರ ಬರೆಯಬೇಕೆಂದುಕೊಂಡು ಬರೆಯದೆ ಉಳಿದ ಮನೆಗಳು ನಮ್ಮ ಮಲೆನಾಡಿನಲ್ಲಿ ಇನ್ನೂ ಇವೆ.

ಮೊದಲು ಆ ನೋಟ್‌ಬುಕ್ಕಿನ ಸಾಲು. ಉಳಿದದ್ದೆಲ್ಲ ಆಮೇಲೆ. ಆ ಸಾಲನ್ನು ಹುಡುಗಾಟ ಎಂದು ಬಿಡಬೇಡಿ. ಅವನ ಪಕ್ಕ ಕೂತು ನೇರವಾಗಿ ಕೇಳಿ: “ಸಾಯಬೇಕು ಅಂತ ಯೋಚನೆ ಬರುತ್ತಾ ಮಗಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಎಂದು ಎಷ್ಟೋ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಒಳಗೆ ಒಬ್ಬನೇ ಹೊತ್ತುಕೊಂಡಿದ್ದನ್ನು ಇಳಿಸಲು ಒಂದು ಜಾಗ ಸಿಗುತ್ತದೆ, ಅಷ್ಟೇ. ಹೌದು ಎಂದರೆ ಬೈಯಬೇಡಿ, ಆಣೆ ಮಾಡಿಸಬೇಡಿ. ಕೇಳಿಸಿಕೊಳ್ಳಿ. ಅವನನ್ನು ಒಬ್ಬನೇ ಬಿಡಬೇಡಿ. ತೋಟಕ್ಕೆ ತಂದ ಔಷಧಿಗಳನ್ನು ಬೀಗ ಹಾಕಿ ಇಡಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ. ಮನೆಯಲ್ಲಿ ಕೋವಿ ಇದ್ದರೆ ಸ್ವಲ್ಪ ಕಾಲ ಅದು ಮನೆಯಲ್ಲಿ ಇರದ ಹಾಗೆ ನಿಮ್ಮವರು ಏರ್ಪಾಡು ಮಾಡಲಿ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನೂ ಮಾಡಬಹುದು, ನೀವೂ ಮಾಡಬಹುದು. ನಿಮಗೂ ಇದು ಸಣ್ಣ ಭಾರವಲ್ಲ.

“ಇದು ಕಾಯಿಲೆಯಾ” ಎಂದು ಕೇಳಿದ್ದೀರಿ. ಅಲ್ಲ. ಇದು ನನ್ನ ಅಭಿಪ್ರಾಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಇದನ್ನೇ ಬಾಯಿಬಿಟ್ಟು ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಪ್ರೀತಿಸುವುದು ಅಪರಾಧ ಅಲ್ಲ ಎಂದರು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ತಮ್ಮ ತೀರ್ಪಿನಲ್ಲಿ, ಇಷ್ಟು ತಡವಾಗಿದ್ದಕ್ಕೆ ಇತಿಹಾಸವೇ ಈ ಜನರ ಕ್ಷಮೆ ಕೇಳಬೇಕು ಎಂಬ ಅರ್ಥದ ಮಾತು ಬರೆದರು. ಈ ಜನರ ಜೊತೆಗೆ ಅವರ ಮನೆಯವರನ್ನೂ ಸೇರಿಸಿ ಬರೆದಿದ್ದಾರೆ. ನಿಮ್ಮ ಪತ್ರದ ಕೊನೆಯ ಪ್ರಶ್ನೆ ಓದಿದಾಗ ನನಗೆ ನೆನಪಾಗಿದ್ದು ಆ ಸಾಲು. ನೀವು ಬೆಳೆಸಿದ್ದರಲ್ಲಿ ತಪ್ಪಾಗಿಲ್ಲ. ಹದಿನೈದು ವರ್ಷದ ಹುಡುಗ ಇಂಥ ಮಾತನ್ನು ಅಮ್ಮನ ಹತ್ತಿರ ಹೇಳಿದ್ದಾನೆ ಅಂದರೆ ನೀವು ಬೆಳೆಸಿದ ರೀತಿ ಎಂಥದ್ದು ಅಂತ ಅದೇ ಹೇಳುತ್ತದೆ ಅಲ್ವಾ?

ಈ ವಯಸ್ಸಿನಲ್ಲಿ ಅವನಿಗೇ ಎಲ್ಲ ಸ್ಪಷ್ಟ ಇರಲಿಕ್ಕಿಲ್ಲ. “ಅನ್ಸುತ್ತೆ” ಎಂದಿದ್ದಾನೆ. ಹಾಗೇ ಇರಲಿ. ಖಚಿತ ಮಾಡು ಎಂದು ಒತ್ತಾಯಿಸಬೇಡಿ. ದೊಡ್ಡವನಾದರೆ ಹೋಗುತ್ತೆ ಬಿಡು ಅಂತಲೂ ಅನ್ನಬೇಡಿ. ಮೆದುವಾಗಿ ಮಾತಾಡುವುದಕ್ಕೂ ಯಾರ ಮೇಲೆ ಮನಸ್ಸಾಗುತ್ತದೆ ಎಂಬುದಕ್ಕೂ ಸಂಬಂಧ ಕಟ್ಟಬೇಕಾಗಿಲ್ಲ. ಮಳೆಗಾಲ ಮುಗಿದು ಯಕ್ಷಗಾನ ಮೇಳಗಳು ಹೊರಟರೆ ನಮ್ಮ ಊರುಗಳಲ್ಲಿ ಇಡೀ ರಾತ್ರಿ ಆಟ ನೋಡುತ್ತೇವೆ. ಸ್ತ್ರೀವೇಷದ ಗಂಡಸು ರಂಗಕ್ಕೆ ಬಂದು ಒಂದು ಸುತ್ತು ಕುಣಿದರೆ ಹಿಂದಿನ ಸಾಲಿನವರೂ ಎದ್ದು ನೋಡುತ್ತಾರೆ. ಆ ಬಳುಕನ್ನು ಕಲೆ ಎಂದು ಹೊಗಳಿ ಬೆಳಗಿನ ಜಾವ ಮನೆಗೆ ಬಂದ ಅಪ್ಪನ ಮಗ, ಹತ್ತು ಗಂಟೆಗೆ ಶಾಲೆಯಲ್ಲಿ ಕೈ ಬಳುಕಿಸಿ ಮಾತಾಡುವ ಹುಡುಗನನ್ನು ಅಣಕಿಸುತ್ತಾನೆ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

‘ಒಂಬತ್ತು’ ಎಂಬ ಬೈಗುಳದ ಬಗ್ಗೆ ಒಂದು ಮಾತು. ಅದು ಟ್ರಾನ್ಸ್‌ಜೆಂಡರ್ ಜನರನ್ನು ಹೀಯಾಳಿಸಲು ಹುಟ್ಟಿಸಿಕೊಂಡ ಪದ. ನಿಮ್ಮ ಮಗ ತಾನು ಹೆಣ್ಣು ಎಂದು ಹೇಳಿಲ್ಲ. ಅವನು ಹೇಳಿದ್ದು ಬೇರೆ ವಿಷಯ. ಹಾಗಂತ “ನೀನು ಅವರ ಥರ ಅಲ್ಲ ಬಿಡು” ಎಂದು ಸಮಾಧಾನ ಮಾಡಬೇಡಿ. ಹಾಗಂದರೆ ಅವರ ಥರ ಇರುವುದು ನಾಚಿಕೆ ಎಂದು ನಾವೂ ಒಪ್ಪಿದಂತಾಗುತ್ತದೆ. ಮಂಜಮ್ಮ ಜೋಗತಿ ಅವರಲ್ಲೊಬ್ಬರು, ನಮ್ಮ ರಾಜ್ಯದ ಜಾನಪದ ಅಕಾಡೆಮಿಯ ಅಧ್ಯಕ್ಷೆ ಆಗಿದ್ದವರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತೆಗೆದುಕೊಂಡರು. ಅವರ ವಿಷಯ ಮಗನಿಗೆ ಹೇಳಿ. ಬೈಗುಳ ಮಾಡಿಕೊಂಡವರು ಆ ಹುಡುಗರು. ಅದರ ನಾಚಿಕೆಯೂ ಅವರದ್ದೇ.

ನಾನೂ ಒಮ್ಮೆ ಹಾಗೆ ನಕ್ಕವನು. ಇದನ್ನು ಬರೆಯದೆ ನಿಮಗೆ ಉತ್ತರ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ನಾನು ಓದಿದ ಹೈಸ್ಕೂಲಿನಲ್ಲಿ ನಮ್ಮ ಜೊತೆ ಒಬ್ಬ ಹುಡುಗನಿದ್ದ. ನವರಾತ್ರಿಯ ಶಾರದಾ ಪೂಜೆಗೆ ರಂಗೋಲಿ ಹಾಕುವುದೆಂದರೆ ಅವನೇ ಆಗಬೇಕು. ಚುಕ್ಕಿ ಎಣಿಸದೆ ಹಾಕುತ್ತಿದ್ದ. ನಾವು ಅವನನ್ನು ‘ಹೆಣ್ಣಿಗ’ ಎನ್ನುತ್ತಿದ್ದೆವು. ಮಾಸ್ತರರೊಬ್ಬರೂ ಒಮ್ಮೆ ಹಾಗೆ ಕರೆದರು. ಆಮೇಲೆ ನಮಗೆ ಹೆದರಿಕೆಯೇ ಹೋಯಿತು. ಅವನ ಚೀಲ ಹಳ್ಳಕ್ಕೆ ಎಸೆದ ದಿನ ನಾನು ಎಸೆಯಲಿಲ್ಲ. ದಡದಲ್ಲಿ ನಿಂತು ನಕ್ಕೆ. ಒಂಬತ್ತನೇ ತರಗತಿಯ ನಡುವೆ ಅವನು ಬರುವುದನ್ನು ನಿಲ್ಲಿಸಿದ. ಯಾಕೆ ಎಂದು ಯಾರೂ ಕೇಳಲಿಲ್ಲ, ಮಾಸ್ತರರೂ ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಇವತ್ತಿಗೂ ಅವನೆಲ್ಲಿದ್ದಾನೆ ನನಗೆ ಗೊತ್ತಿಲ್ಲ.

ಆಗ ಶಾಲೆ ಬಿಟ್ಟು ಮನೆಗೆ ಬಂದರೆ ಅಷ್ಟು ಹೊತ್ತಾದರೂ ಅವನಿಗೆ ಬಿಡುವು ಸಿಗುತ್ತಿತ್ತು. ಈಗ ನಿಮ್ಮ ಮಗನಿಗೆ ಅದೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಕಂಬಳಿ ಹೊದ್ದು ಮಲಗಿದರೂ ತಲೆದಿಂಬಿನ ಹತ್ತಿರ ಫೋನ್ ಗುಯ್‌ಗುಟ್ಟುತ್ತದೆ. ಹಾಗಾದರೆ ನಿಮ್ಮವರು ಹೇಳಿದಂತೆ ಮೊಬೈಲ್ ಕಿತ್ತುಕೊಳ್ಳುವುದೇ ಸರಿ ಅನ್ನಿಸಬಹುದು. ಬೇಡ. ಕಿತ್ತುಕೊಂಡರೆ ಅವನಿಗೆ ಅದು ಶಿಕ್ಷೆ. ಇನ್ನೊಂದು ಸಲ ಏನಾದರೂ ಆದರೆ ನಿಮಗೆ ಹೇಳುವುದಿಲ್ಲ. ರಾತ್ರಿ ಫೋನ್ ಹಾಲ್‌ನಲ್ಲಿ ಇಡೋಣ, ನಾವೂ ಇಡುತ್ತೇವೆ ಎಂದರೆ ಅದು ಬೇರೆ ಮಾತು.

ಆ ಸುಳ್ಳು ಅಕೌಂಟಿನ ವಿಷಯಕ್ಕೆ ಬರುತ್ತೇನೆ. ಸಿಟ್ಟಿನಲ್ಲಿ ಏನನ್ನೂ ಡಿಲೀಟ್ ಮಾಡಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಅಕೌಂಟಿನ ಹೆಸರು, ಲಿಂಕ್, ತಾರೀಖು, ಕೆಳಗಿನ ಮಾತುಗಳು ಎಲ್ಲ ಕಾಣಬೇಕು. ವಾಟ್ಸಾಪ್ ಗ್ರೂಪಿನದ್ದೂ ಅಷ್ಟೇ, ಯಾರು ಹಾಕಿದರು ಅನ್ನೋದು ನಂಬರ್ ಸಮೇತ ಬರಬೇಕು. ಒಂದು ಪ್ರತಿ ನಿಮ್ಮ ಫೋನಿನಲ್ಲೂ ಇರಲಿ. ಆಮೇಲೆ ಇನ್‌ಸ್ಟಾಗ್ರಾಂನಲ್ಲೇ ‘ರಿಪೋರ್ಟ್’ ಒತ್ತಿ, ಈ ಅಕೌಂಟ್ ನನ್ನ ಹೆಸರಿನಲ್ಲಿ ಬೇರೆಯವರು ಮಾಡಿದ್ದು ಎಂಬುದನ್ನು ಆರಿಸಿ. ಇನ್ನೊಬ್ಬರಂತೆ ನಟಿಸಿ ಅಕೌಂಟ್ ಮಾಡಿ ಮೋಸ ಮಾಡುವುದು, ಅವರ ಗುರುತನ್ನು ಕದಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಶಿವಮೊಗ್ಗದಲ್ಲಿ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಬೆತ್ತಲೆ ಫೋಟೊ ಮಾಡಿ ಹಾಕಿದರೆ, ಹಾಕುತ್ತೇನೆ ಎಂದು ಹೆದರಿಸಿದರೆ, ದುಡ್ಡು ಕೇಳಿದರೆ ಒಂದು ದಿನವೂ ಕಾಯದೆ ಅಲ್ಲಿಗೆ ಹೋಗಿ. ಅವನಿಗೆ ಹದಿನೆಂಟು ಆಗಿಲ್ಲ, ಆಗ ಪೋಕ್ಸೊ ಕಾಯ್ದೆಯೂ ಬರುತ್ತದೆ. ಈಗಿನ ಮಟ್ಟಿಗೆ ಮೊದಲು ಶಾಲೆಯ ಬಾಗಿಲು ತಟ್ಟಿ ಅನ್ನುತ್ತೇನೆ. ಅಕೌಂಟ್ ಮಾಡಿದವರೂ ಹತ್ತನೇ ಕ್ಲಾಸಿನ ಮಕ್ಕಳೇ ಇರಬೇಕು. ಅವರೂ ತಿದ್ದಿಕೊಳ್ಳಬೇಕಾದವರೇ.

ಶಾಲೆಗೆ ಹೋಗುವಾಗ ಒಂದು ಎಚ್ಚರ. ಇದನ್ನು ದಯವಿಟ್ಟು ಎರಡು ಸಲ ಓದಿ. ಅವನು ನಿಮಗೆ ಹೇಳಿದ ಗುಟ್ಟನ್ನು ಅಲ್ಲಿ ಹೇಳಬೇಡಿ. ಅದು ಅವನದ್ದು. ದೂರು ಕೊಡಲು ಅದರ ಅಗತ್ಯವೇ ಇಲ್ಲ. ಹೆಸರಿಟ್ಟು ಅಣಕಿಸುತ್ತಿದ್ದಾರೆ, ಸುಳ್ಳು ಅಕೌಂಟ್ ಮಾಡಿದ್ದಾರೆ, ಮಗು ಊಟ ನಿದ್ದೆ ಬಿಟ್ಟಿದೆ. ದೂರಿಗೆ ಇಷ್ಟು ಸಾಕು. ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ, ತಾರೀಖು ಹಾಕಿ, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. “ಹುಡುಗರು ಅಂದಮೇಲೆ ಇದೆಲ್ಲ ಇದ್ದದ್ದೇ” ಎಂದರೆ, ಕರ್ನಾಟಕ ಶಿಕ್ಷಣ ಕಾಯ್ದೆ ರ‍್ಯಾಗಿಂಗನ್ನು ಅಪರಾಧ ಎನ್ನುತ್ತದೆ ಎಂದು ಮೆತ್ತಗೆ ನೆನಪಿಸಿ. ಆಮೇಲೂ ಏನೂ ಆಗದಿದ್ದರೆ ಬಿಇಒ ಕಚೇರಿ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಅವನನ್ನು ಎಲ್ಲರೆದುರು ನಿಲ್ಲಿಸಿ “ಯಾರು ಅಂದದ್ದು ತೋರಿಸು” ಎಂದು ಕೇಳಬಾರದು ಅಂತಲೂ ಹೇಳಿ ಬನ್ನಿ. ಹಾಗೆ ಮಾಡಿದರೆ ಮರುದಿನ ಬಸ್ಸಿನಲ್ಲಿ ಅವನ ಗತಿ ಏನು?

ಈ ಪುಟ ಓದುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಕೋರಿಕೆ. ಒಂಬತ್ತು ಎಂದು ಕೂಗಿದಾಗ ತರಗತಿ ನಕ್ಕರೆ ಅಲ್ಲೇ ನಿಲ್ಲಿಸಿ. ನಗು ಯಾತಕ್ಕೆ ಎಂದು ನಿಮಗೂ ಗೊತ್ತು. ಎರಡು ನಿಮಿಷ ಮಾತಾಡಿ ಪಾಠ ಮುಂದುವರಿಸಿ. ನಮ್ಮ ಮಾಸ್ತರರು ಅವತ್ತು ಆ ಹೆಸರಿನಿಂದ ಕರೆಯದೆ ನಮ್ಮನ್ನು ಗದರಿದ್ದರೆ ಹಳ್ಳದ ದಡದಲ್ಲಿ ನಾನು ನಗುತ್ತಿರಲಿಲ್ಲ.

ವೈದ್ಯರ ವಿಷಯ. ಅವನು ಯಾರನ್ನು ಇಷ್ಟಪಡುತ್ತಾನೆ ಎಂಬುದಕ್ಕೆ ಚಿಕಿತ್ಸೆ ಬೇಕಿಲ್ಲ. ಅವನ ನಿದ್ದೆ ಹೋಗಿದೆ, ಬದುಕು ಬೇಡ ಅನ್ನಿಸಿದೆ. ಅದಕ್ಕೆ ಬೇಕು, ಬೇಗ ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಅಷ್ಟು ದೂರ ಆಗುವುದಿಲ್ಲ ಎಂದರೆ, ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ನಮ್ಮ ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವ ತನಕ ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಬರೆದರು, ಮಾತಾಡಿದರು. ಮನೋವೈದ್ಯರ ಹತ್ತಿರ ಹೋಗುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಎಂದು ಅವರಿಂದಲೇ ಕಲಿತ ಮನೆಗಳು ನಮ್ಮಲ್ಲಿ ಬಹಳ.

ಆದರೆ “ಇವನನ್ನು ಬದಲಾಯಿಸಿಕೊಡುತ್ತೇನೆ” ಎನ್ನುವವರ ಮನೆ ಬಾಗಿಲಿಗೆ ಹೋಗಬೇಡಿ. ಅವರು ಇಂಜೆಕ್ಷನ್ ಕೊಡುವವರಿರಲಿ, ತಾಯತ ಕಟ್ಟುವವರಿರಲಿ. ಹೀಗೆ ಬದಲಾಯಿಸಲು ಹೊರಡುವುದು ವೈದ್ಯ ವೃತ್ತಿಗೆ ಮಾಡುವ ತಪ್ಪು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಇದರಿಂದ ಮಕ್ಕಳು ಬದಲಾಗುವುದಿಲ್ಲ, ಇನ್ನಷ್ಟು ಕುಗ್ಗುತ್ತಾರೆ.

ಇನ್ನು ನಿಮ್ಮವರು. ಅವರನ್ನು ಕೆಟ್ಟವರು ಎಂದು ನಾನು ತಿಳಿದಿಲ್ಲ. ಹೆದರಿದ್ದಾರೆ. ಹಾಸ್ಟೆಲಿನಲ್ಲಿ ಇದೇ ಹುಡುಗರು ಬೇರೆ ಹೆಸರಿನಲ್ಲಿ ಇರುತ್ತಾರೆ, ಅಲ್ಲಿ ರಾತ್ರಿಯೂ ಬಾಗಿಲು ಹಾಕಿಕೊಳ್ಳಲು ಆಗುವುದಿಲ್ಲ ಎಂದು ಅವರಿಗೆ ಹೇಳಿ. ಮುಖ್ಯವಾಗಿ, ತಪ್ಪು ಮಾಡಿದವರು ಊರಲ್ಲೇ ಉಳಿದು ಇವನು ಯಾಕೆ ಊರು ಬಿಡಬೇಕು? ಉಳಿದ ಅರ್ಧ ಮಾತನ್ನು ಅಪ್ಪನಿಗೆ ಹೇಳಬಹುದಾ ಎಂದು ಮಗನನ್ನೇ ಕೇಳಿ. ಅವನು ಬೇಡ ಎಂದರೆ ಕಾಯಿರಿ. ಹೂಂ ಎಂದ ದಿನ, ಅಪ್ಪನಿಗೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಕತೆ ಹೇಳಿ. 2021ರಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಿ ಮನೆ ಬಿಟ್ಟು ಬಂದ ಇಬ್ಬರು ಹುಡುಗಿಯರ ಕೇಸು ಅವರ ಮುಂದೆ ಬಂತು. ಈ ವಿಷಯ ತನಗೆ ಸರಿಯಾಗಿ ಅರ್ಥವಾಗಿಲ್ಲ ಎಂದು ಅವರು ತೆರೆದ ಮನಸ್ಸಿನಿಂದ ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಕೂತು ತಿಳಿದುಕೊಂಡರು. ತೀರ್ಪು ಬರೆದದ್ದು ಆಮೇಲೆ. ಹೈಕೋರ್ಟಿನ ನ್ಯಾಯಮೂರ್ತಿಯೇ “ನನಗೆ ಗೊತ್ತಿಲ್ಲ, ಕಲಿಯುತ್ತೇನೆ” ಎಂದ ಮೇಲೆ ನಮ್ಮ ಅಡಿಕೆ ತೋಟದ ಅಪ್ಪಂದಿರಿಗೆ ಅದನ್ನು ಹೇಳಲು ಸಂಕೋಚ ಯಾಕೆ?

ಪತ್ರದಲ್ಲಿ ನೀವು ಕೇಳದೆ ಬಿಟ್ಟ ಪ್ರಶ್ನೆಯೂ ಒಂದಿದೆ: ಅವನು ಹೇಳಿದ ಮೇಲೆ ನಾನು ಅವನ ಜೊತೆ ಹೇಗಿರಲಿ? ನಿನ್ನೆ ಹೇಗಿದ್ದಿರೋ ಹಾಗೇ ಇರಿ. ಸುಮ್ನೆ ಪಕ್ಕದಲ್ಲಿರಿ. ನಾಳೆ ಸಂಜೆ ಎರಡು ಕೊಡೆ ಹಿಡಿದು ಆ ಹಿಂದಿನ ಸ್ಟಾಪಿಗೆ ಹೋಗಿ. ಬಸ್ಸಿಳಿದವನನ್ನು ಯಾಕೆ ಇಲ್ಲಿ ಇಳಿದೆ ಎಂದು ಕೇಳಬೇಡಿ. ಕೊಡೆ ಕೊಟ್ಟು, ಅವನ ಚೀಲ ನೀವು ಹಾಕಿಕೊಂಡು, ಜೊತೆಗೆ ನಡೆದು ಬನ್ನಿ. ಎರಡು ಕಿಲೋಮೀಟರ್ ದಾರಿ ಇದೆ, ಮಾತಾಡಬೇಕು ಅನ್ನಿಸಿದರೆ ಅವನೇ ಮಾತಾಡುತ್ತಾನೆ.

ಮುಂದಿನ ತಿಂಗಳು ಎರಡು ಸಾಲು ಬರೆಯಿರಿ, ಅವನು ಹೇಗಿದ್ದಾನೆ ಅಂತ. ಅಚ್ಚು ಮಾಡುವುದಿಲ್ಲ. ನನಗೆ ತಿಳಿಯಬೇಕು, ಅಷ್ಟೇ.

— ಸಂ.