ಅತ್ತರೆ ನಂಬಿಕೆ ಇಲ್ಲವೆಂದಾಗುತ್ತದೆಯೇ?

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ಆ ತಾಯಿಯ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರಿಂದ ಜೂನ್ ತಿಂಗಳಲ್ಲಿ ಮಗಳೊಂದಿಗೆ ಬೀದರಿಗೆ ನನ್ನ ಬಳಿ ಆಪ್ತಸಲಹೆಗೆಂದು ಬಂದ ಅವರಿಗೆ ನಲವತ್ತೈದರ ಆಸುಪಾಸು. ಹಿಂದಿನ ಅಕ್ಟೋಬರಿನಲ್ಲಿ, ಸೋಯಾ ರಾಶಿ ನಡೆದಿದ್ದಾಗ, ಒಂದು ರಾತ್ರಿ ಗಂಡನಿಗೆ ಎದೆನೋವು ಕಾಣಿಸಿಕೊಂಡಿತ್ತು. ಗ್ಯಾಸ್ ಇರಬೇಕೆಂದು ಅಜವಾನ ಕುದಿಸಿದ ನೀರು ಕುಡಿಸಿ, ಎದೆಗೆ ಎಣ್ಣೆ ತಿಕ್ಕಿ, ಪ್ರಾರ್ಥಿಸಿ ಮಲಗಿಸಿದ್ದರು. ಬೆಳಗಿನ ಜಾವ ಆಸ್ಪತ್ರೆಯ ದಾರಿಯಲ್ಲೇ ಅವರ ಪ್ರಾಣ ಹೋಯಿತು. ಅಂದಿನಿಂದ ಈ ತಾಯಿ ಒಂದು ದಿನವೂ ರೊಟ್ಟಿ ಬಡಿದಿರಲಿಲ್ಲ. ಹಂಚಿನಿಂದ ಇಳಿದ ರೊಟ್ಟಿಯನ್ನು ಬಿಸಿಬಿಸಿಯಾಗಿ ಒಲೆಯ ಮುಂದೆಯೇ ಕುಳಿತು ಉಣ್ಣುವ ರೂಢಿ ಗಂಡನಿಗಿತ್ತು. ಆ ಜಾಗ ಖಾಲಿಯಾದ ಮೇಲೆ ಹಿಟ್ಟು ನಾದುವ ಕೊಣಮಿಗೆಗೆ ಕೈ ಹಾಕಲಾಗುತ್ತಿಲ್ಲ ಎಂದು ಮಗಳು ಹೇಳಿದಳು.

ತಾಯಿ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದು, ಕೊನೆಗೆ ಕೇಳಿದ್ದು ಇಷ್ಟು: “ಅಳಬ್ಯಾಡ ಅಂತಾರ್ರಿ ಅಕ್ಕಾ. ಅತ್ತರ ದೇವರ ಮ್ಯಾಲೆ ನಂಬಿಕಿ ಇಲ್ಲಂತ ಆಗ್ತದಂತ. ಖರೇನ ಏನ್ರಿ?”

ಅವರ ಕ್ರೈಸ್ತ ಸಭೆಯ ಹಿರಿಯರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಿರಲಿಲ್ಲ. ಆದರೆ ಆ ಮಾತು ಈ ತಾಯಿಯ ಬಾಯಿ ಕಟ್ಟಿಹಾಕಿತ್ತು, ಬಾಯಿ ಕಟ್ಟಿದ ದುಃಖವು ‘ನಾನೇ ಕೊಂದೆ’ ಎಂಬ ಅಪರಾಧಭಾವವಾಗಿ ಒಳಗೊಳಗೇ ಬೆಳೆದಿತ್ತು. ರಾತ್ರಿ ಮೂರಕ್ಕೇ ಎಚ್ಚರವಾಗುವುದು, ಊಟ ಸೇರದಿರುವುದು, ಆರಾಧನೆಗೂ ಹೋಗದಿರುವುದು ಎಂಟು ತಿಂಗಳಿಂದ ನಡೆದಿತ್ತು. ತೀವ್ರ ದುಃಖವು ಆರು ತಿಂಗಳು ದಾಟಿಯೂ ನಿತ್ಯದ ಬದುಕನ್ನು ನಿಲ್ಲಿಸಿಬಿಟ್ಟಿದ್ದರೆ ಅದಕ್ಕೆ ಚಿಕಿತ್ಸೆಯ ನೆರವು ಬೇಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿಯೂ ಗುರುತಿಸುತ್ತದೆ.

ಸಾಯುವ ವಿಚಾರ ಬಂದಿದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹಲವರಿಗಿದೆ, ಅದು ತಪ್ಪು. ಕೇಳಿದಾಗಲೇ ಹೇಳಿಕೊಳ್ಳುವ ದಾರಿ ತೆರೆಯುತ್ತದೆ. ಎರಡು ಸಲ ಹೊಲದ ಬಾವಿಯವರೆಗೆ ಹೋಗಿ ಬಂದಿದ್ದಾಗಿ ಅವರು ಒಪ್ಪಿಕೊಂಡರು. ಅವರ ಒಪ್ಪಿಗೆಯಿಂದಲೇ ಮಗಳನ್ನು ಒಳಗೆ ಕರೆದು, ಬಿತ್ತನೆಗೆಂದು ಮನೆಯಲ್ಲಿ ತಂದಿಟ್ಟಿದ್ದ ಕೀಟನಾಶಕ ಎಣ್ಣೆಯ ಡಬ್ಬಿಗಳನ್ನು ಅದೇ ದಿನ ಮೈದುನನ ಮನೆಗೆ ಸಾಗಿಸಿ ಬೀಗ ಹಾಕಿಸಬೇಕೆಂದೂ, ತಾಯಿಯನ್ನು ಒಂಟಿಯಾಗಿ ಹೊಲಕ್ಕೆ ಬಿಡಬಾರದೆಂದೂ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಉಳಿಸಿಕೊಟ್ಟೆ. ಮರುದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ನಾನೇ ಜೊತೆಗೆ ಹೋದೆ. ಗುಳಿಗೆ ತೆಗೆದುಕೊಂಡರೆ ಪ್ರಾರ್ಥನೆಯ ಮೇಲೆ ಭರವಸೆ ಇಲ್ಲದಂತಾಗುವುದೇ ಎಂಬ ಅಳುಕು ಅವರಿಗಿತ್ತು. ಸುವಾರ್ತೆ ಬರೆದ ಲೂಕನನ್ನು ಅಪೊಸ್ತಲ ಪೌಲನು ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಪ್ರಿಯ ವೈದ್ಯನೆಂದೇ ಕರೆದಿರುವುದನ್ನು ನೆನಪಿಸಿದೆ. ಗುಣ ಕಾಣಲು ಕೆಲವು ವಾರಗಳೇ ಬೇಕು, ಡಾಕ್ಟರರನ್ನು ಕೇಳದೆ ನಡುವೆ ನಿಲ್ಲಿಸಬಾರದು ಎಂದೂ ತಿಳಿಸಿದೆ.

ಮೊದಲ ಭೇಟಿಯಲ್ಲಿ ನಾನು ಬೈಬಲ್ ತೆರೆಯಲಿಲ್ಲ. ಎರಡನೆಯದರಲ್ಲಿ ಎಲೀಯನ ಕಥೆ ಓದಿದೆವು. ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದ ಆ ಪ್ರವಾದಿಗೆ ದೇವದೂತನು ಬುದ್ಧಿ ಹೇಳಲಿಲ್ಲ, ಗದರಲಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ತೋರಿಸಿದ. ಉಂಡು ಮತ್ತೆ ಮಲಗಿದವನನ್ನು ಎರಡನೆಯ ಸಲವೂ ಎಬ್ಬಿಸಿ ಉಣ್ಣಲು ಹೇಳಿದ. ದೇವರ ಮಾತು ಬಂದದ್ದು ಆಮೇಲೆ. ರೊಟ್ಟಿಯ ಮಾತು ಬಂದಾಗ ಅವರು ಮೊದಲ ಬಾರಿಗೆ ಬಿಕ್ಕಿ ಅತ್ತರು, ನಾನು ತಡೆಯಲಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಗುಣಗಳನ್ನು ಹೇಳಿ ಹಾಡ್ಯಾಡಿ ಅಳುವುದುಂಟು, ಇವರ ತಾಯಿಯೂ ಹಾಗೆ ಅಳುತ್ತಿದ್ದರಂತೆ. ಬೈಬಲಿನ ಕೀರ್ತನೆಗಳಲ್ಲಿ ಬಹಳಷ್ಟು ಅಂಥವೇ. ‘ಇನ್ನೆಷ್ಟು ದಿನ’ ಎಂದು 13ನೆಯದು ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದನ್ನು ಶಾಸ್ತ್ರದಿಂದ ಯಾರೂ ತೆಗೆದುಹಾಕಿಲ್ಲ. ಸತ್ತ ಲಾಜರನನ್ನು ಜೀವಂತವಾಗಿ ಎಬ್ಬಿಸಲಿದ್ದ ಯೇಸುವೇ ಅದಕ್ಕೆ ಮೊದಲು ಕಣ್ಣೀರಿಟ್ಟ. ಆ ತಾಯಿಯ ಅನುಮತಿ ಪಡೆದು ಅವರ ಸಭಾಪಾಲಕರನ್ನು (ಪಾಸ್ಟರರನ್ನು) ಭೇಟಿಯಾದಾಗಲೂ ಇದನ್ನೇ ಹೇಳಿದೆ: ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದು ಪೌಲನು ಥೆಸಲೊನೀಕದವರಿಗೆ ಬರೆದನೇ ಹೊರತು ದುಃಖಿಸಲೇಬೇಡಿರೆಂದು ಬರೆಯಲಿಲ್ಲ. ಅವರು ಒಪ್ಪಿ, ತಾವೇ ಮನೆಗೆ ಹೋಗಿ ಸುಮ್ಮನೆ ಅರ್ಧ ಗಂಟೆ ಕುಳಿತು ಬಂದರು. ಆ ಭೇಟಿ ನನ್ನ ಎಷ್ಟೋ ಮಾತುಗಳಿಗಿಂತ ಹೆಚ್ಚಿನ ಕೆಲಸ ಮಾಡಿತು.

ಅಪರಾಧಭಾವ ಸುಲಭಕ್ಕೆ ಬಿಡಲಿಲ್ಲ. ಕ್ಷಮೆಯ ವಚನಗಳನ್ನು ನಾನು ಬೇಗನೆ ಹೇಳಲಿಲ್ಲ. ಮಾಡದ ತಪ್ಪಿಗೆ ಕ್ಷಮೆ ಕೊಟ್ಟರೆ ತಪ್ಪು ನಡೆದಿದೆಯೆಂದು ನಾವೇ ಒಪ್ಪಿಸಿದಂತಾಗುತ್ತದೆ. ಬದಲಿಗೆ ಆ ರಾತ್ರಿಯನ್ನು ಗಂಟೆಗಂಟೆಯಾಗಿ ಹೇಳಿಸಿ, ಆಗ ಅವರಿಗೆ ಗೊತ್ತಿದ್ದುದೇನು, ಮರುದಿನ ಗೊತ್ತಾದುದೇನು ಎಂದು ಬೇರೆ ಮಾಡಿದೆವು. ಐದನೆಯ ಭೇಟಿಯಲ್ಲಿ ಅವರೇ, “ನನಗ ಗೊತ್ತಿದ್ದಷ್ಟು ಮಾಡಿದ್ದೆನ್ರಿ,” ಎಂದರು.

ಈಗ ಸೆಪ್ಟೆಂಬರ್. ನಿದ್ದೆ ಬೆಳಗಿನ ಐದು ಗಂಟೆಯವರೆಗೆ ಬರುತ್ತಿದೆ, ವಾರಕ್ಕೆ ಎರಡು ದಿನ ರೊಟ್ಟಿ ಬಡಿಯುತ್ತಾರೆ, ಆರಾಧನೆಯಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಾರೆ, ಹಾಡಲು ಇನ್ನೂ ದನಿ ಬರುತ್ತಿಲ್ಲ. ಗುಳಿಗೆ ಮುಂದುವರಿದಿದೆ. ಮುಂದಿನ ತಿಂಗಳು ಮತ್ತೆ ರಾಶಿ, ಅದರ ಹಿಂದೆಯೇ ವರ್ಷದ ದಿನ. ಆ ವಾರ ಹೈದರಾಬಾದಿನಿಂದ ಮಗ ರಜೆ ಹಾಕಿ ಬರುತ್ತಾನೆ, ರಾತ್ರಿ ನಾದಿನಿ ಜೊತೆಗಿರುತ್ತಾರೆ, ಬುಧವಾರ ನಾನು ಅವರ ಮನೆಗೇ ಹೋಗುತ್ತೇನೆ.