ಊರಿನ ಮನೆಗೆ ಸಮನ್ಸ್, ನೀವು ಪರದೇಶದಲ್ಲಿ

ಪ್ರಶ್ನೆ: ನಾಲ್ಕು ವರ್ಷದಿಂದ ಟೊರಾಂಟೊದಲ್ಲಿದ್ದೇನೆ. ಇಲ್ಲಿಗೆ ಬರುವ ಮುಂಚೆ ಬೆಂಗಳೂರಿನಲ್ಲಿ ತೆಗೆದ ಪರ್ಸನಲ್ ಲೋನ್‌ನ ಕಂತು ನಿಂತುಹೋಗಿತ್ತು. ಈಗ ಬ್ಯಾಂಕ್ ₹7 ಲಕ್ಷಕ್ಕೆ ದಾವೆ ಹಾಕಿದೆ. ಶಿವಮೊಗ್ಗದ ಮನೆಯಲ್ಲಿ ಅಪ್ಪ ಸಹಿ ಹಾಕಿ ಸಮನ್ಸ್ ತೆಗೆದುಕೊಂಡು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದಾರೆ. ನನ್ನ ಕೈಗೇ ಬಂದಿಲ್ಲವಲ್ಲ, ಸುಮ್ಮನಿರಬಹುದೇ? ಮೂರು ವರ್ಷ ಕಳೆದ ಸಾಲಕ್ಕೆ ದಾವೆ ನಿಲ್ಲುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಖಂಡಿತ ಸುಮ್ಮನಿರಬೇಡಿ. ವಿದೇಶದಲ್ಲಿದ್ದು, ಸಮನ್ಸ್ ಪಡೆಯಲು ಇಲ್ಲಿ ಅಧಿಕೃತ ಪ್ರತಿನಿಧಿ ಇಲ್ಲದವರಿಗೆ ಅಲ್ಲಿನ ವಿಳಾಸಕ್ಕೇ ಸಮನ್ಸ್ ಕಳಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 5ನೇ ಆದೇಶದ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ಒಂದು ಅಧ್ಯಾಯ) 25ನೇ ನಿಯಮ ಹೇಳುತ್ತದೆ. ಮನೆಯವರ ಕೈಗೆ ಕೊಡಬಹುದಾದರೂ ಅವರು ನಿಮ್ಮ ಜೊತೆ ವಾಸವಿರುವವರಾಗಿರಬೇಕು. ಹಾಗಾಗಿ ಸಮನ್ಸ್ ಜಾರಿ, ಅಂದರೆ ಅದನ್ನು ತಲುಪಿಸಿದ ರೀತಿ, ಸರಿಯಾಗಿಲ್ಲ ಎಂದು ವಾದಿಸಲು ಜಾಗವಿದೆ. ಆದರೆ ವಿಚಾರಣೆಯ ದಿನಾಂಕ ನಿಮಗೆ ಗೊತ್ತಿತ್ತು, ಹಾಜರಾಗಲು ಸಮಯವೂ ಇತ್ತು ಎಂದು ಕಂಡುಬಂದರೆ, ಜಾರಿಯಲ್ಲಿ ಲೋಪವಿತ್ತು ಎಂಬ ಒಂದೇ ಕಾರಣಕ್ಕೆ ಏಕಪಕ್ಷೀಯ ಡಿಕ್ರಿ (ನಿಮ್ಮ ಗೈರುಹಾಜರಿಯಲ್ಲಿ ಕೋರ್ಟ್ ಕೊಟ್ಟ ತೀರ್ಮಾನ) ರದ್ದಾಗುವುದಿಲ್ಲ. ಅಪ್ಪ ಕಳಿಸಿದ ಆ ಫೋಟೊವೇ ನಿಮಗೆ ವಿಷಯ ತಿಳಿದಿತ್ತು ಎನ್ನುವುದಕ್ಕೆ ಪುರಾವೆಯಾದೀತು.

ಇವತ್ತೇ ಅಪ್ಪನಿಂದ ಸಮನ್ಸ್‌ನ ಎರಡೂ ಬದಿ, ವಾದಪತ್ರದ (ಬ್ಯಾಂಕ್ ಕೋರ್ಟಿಗೆ ಕೊಟ್ಟ ದಾವೆಯ ಅರ್ಜಿ) ಎಲ್ಲ ಪುಟ, ಲಕೋಟೆ, ಸಹಿ ಹಾಕಿದ ದಿನಾಂಕ ಇಷ್ಟನ್ನೂ ತರಿಸಿಕೊಳ್ಳಿ. ಸಮನ್ಸ್ ಯಾವ ಆದೇಶದಡಿ ಬಂದಿದೆ ಎನ್ನುವುದರ ಮೇಲೆ ದಿನಗಳ ಲೆಕ್ಕ ನಿಂತಿದೆ. 37ನೇ ಆದೇಶ ಎಂದಿದ್ದರೆ ಅದು ಸಮ್ಮರಿ ದಾವೆ, ಅಂದರೆ ಪ್ರತಿವಾದಕ್ಕೂ ಕೋರ್ಟಿನ ಅನುಮತಿ ಬೇಕಾಗುವ ತ್ವರಿತ ದಾವೆ. ಜಾರಿಯಾದ 10 ದಿನದೊಳಗೆ ವಕೀಲರ ಮೂಲಕ ಹಾಜರಿ ದಾಖಲಿಸಿ, ನೋಟಿಸ್ ತಲುಪಬೇಕಾದ ವಿಳಾಸ ಕೊಡಬೇಕು. ತಪ್ಪಿದರೆ ವಾದಪತ್ರದಲ್ಲಿ ಬರೆದದ್ದನ್ನೆಲ್ಲ ನೀವು ಒಪ್ಪಿದಂತೆ, ನೇರ ಡಿಕ್ರಿ. ಹಾಜರಾದ ಮೇಲೆ ಬ್ಯಾಂಕಿನವರು ತೀರ್ಪಿಗಾಗಿ ಇನ್ನೊಂದು ಸಮನ್ಸ್ ಕೊಡುತ್ತಾರೆ. ಅದು ತಲುಪಿದ 10 ದಿನದಲ್ಲಿ, ಪ್ರತಿವಾದ ಮಾಡಲು ಅನುಮತಿ ಕೊಡಿ ಎಂದು ಅಫಿಡವಿಟ್ ಸಮೇತ ಕೇಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಹಾಜರಾದೆವಲ್ಲ, ಕೆಲಸ ಮುಗಿಯಿತು ಎಂದುಕೊಂಡು ಈ ಎರಡನೇ ಗಡುವನ್ನು ಕೈಬಿಡುತ್ತಾರೆ. ಸಾಮಾನ್ಯ ದಾವೆಯಾದರೆ ಲಿಖಿತ ಹೇಳಿಕೆಗೆ (ದಾವೆಗೆ ನೀವು ಬರೆದು ಕೊಡುವ ಉತ್ತರ) 30 ದಿನ, ಕಾರಣ ಕೊಟ್ಟರೆ 90 ದಿನದವರೆಗೆ. ವಾಣಿಜ್ಯ ದಾವೆಯೆಂದು ದಾಖಲಾಗಿದ್ದರೆ 120 ದಿನವೇ ಕೊನೆ. ಆಮೇಲೆ ನ್ಯಾಯಾಧೀಶರಿಗೂ ಅದನ್ನು ತೆಗೆದುಕೊಳ್ಳುವ ಅಧಿಕಾರವಿಲ್ಲ.

ಮೂರು ವರ್ಷದ ಮಾತು ಅರ್ಧ ನಿಜ. ಸಾಲದ ದಾವೆಗೆ ಕಾಲಮಿತಿ ಮೂರು ವರ್ಷವೇ ಹೌದು. ಆದರೆ 1963ರ ಕಾಲಮಿತಿ ಕಾಯ್ದೆಯ 15(5)ನೇ ಕಲಮಿನಂತೆ ಪ್ರತಿವಾದಿ ಭಾರತದಲ್ಲಿ ಇಲ್ಲದ ಅವಧಿಯನ್ನು ಆ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ನೀವು ಹೊರಗಿದ್ದ ವರ್ಷಗಳು ಬ್ಯಾಂಕಿಗೇ ಅನುಕೂಲ. ರಜೆಗೆ ಊರಿಗೆ ಬಂದಿದ್ದ ದಿನಗಳು ಮಾತ್ರ ಲೆಕ್ಕಕ್ಕೆ ಸೇರುತ್ತವೆ, ಆದ್ದರಿಂದ ಪಾಸ್‌ಪೋರ್ಟಿನ ಮೊಹರುಗಳ ಪ್ರತಿಯನ್ನು ವಕೀಲರಿಗೆ ಕೊಡಿ. ಹೀಗೆ ಕಾಲಮಿತಿಯಿಂದ ವಿನಾಯಿತಿ ಬೇಕೆಂದರೆ ಬ್ಯಾಂಕ್ ಅದರ ಕಾರಣವನ್ನು ವಾದಪತ್ರದಲ್ಲೇ ಬರೆದಿರಬೇಕು, ಆ ಸಾಲು ಇದೆಯೇ ಎಂದು ನೋಡಿ. ಇದೆಲ್ಲ ತೀರ್ಮಾನವಾಗುವವರೆಗೆ, ವಸೂಲಿಯವರು ಫೋನಿನಲ್ಲಿ ಎಷ್ಟೇ ಒತ್ತಾಯಿಸಿದರೂ ‘ಸದ್ಯಕ್ಕೆ ಐದು ಸಾವಿರ’ ಎಂದು ಹಾಕಬೇಡಿ, ‘ಕೊಡುತ್ತೇನೆ’ ಎಂದು ಬರೆದು ಸಹಿಯನ್ನೂ ಮಾಡಬೇಡಿ. ಕಾಲಮಿತಿ ಇನ್ನೂ ಮುಗಿಯದಿದ್ದರೆ, ಬರಹದ ಗುರುತು ಉಳಿಯುವ ಇಂಥ ಪಾವತಿಯಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಮುಗಿದಿದ್ದರೂ ಸಹಿ ಮಾಡಿದ ಭರವಸೆ ಸಾಲವನ್ನು ಮತ್ತೆ ಜೀವಂತ ಮಾಡುತ್ತದೆ.

ವಕೀಲರಿಗೆ ನಿಮ್ಮ ಪರ ಹಾಜರಾಗುವ ಅಧಿಕಾರ ಕೊಡುವ ವಕಾಲತ್ತನ್ನು ಟೊರಾಂಟೊದ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕೊರಿಯರ್ ಮಾಡಿ. ಅಪ್ಪನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡುವುದಾದರೆ, ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಮರೆತು ದಾಖಲೆಯನ್ನು ಬೀರುವಿನಲ್ಲಿ ಇಟ್ಟುಬಿಡುವವರೇ ಹೆಚ್ಚು.

ಪ್ರಶ್ನೆ: ರಜೆ ಸಿಗುವುದಿಲ್ಲ. ನನ್ನ ಬದಲು ಅಣ್ಣ ಸಾಕ್ಷಿ ಹೇಳಬಹುದೇ?

ಉತ್ತರ: ಅಣ್ಣ ಅರ್ಜಿ ಹಾಕಬಹುದು, ಕೋರ್ಟಿಗೆ ಓಡಾಡಬಹುದು. ಆದರೆ ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ, ಉದಾಹರಣೆಗೆ ಯಾವ ಕಂತು ಯಾವಾಗ ಕಟ್ಟಿದಿರಿ ಎನ್ನುವುದಕ್ಕೆ, ನಿಮ್ಮ ಪರವಾಗಿ ಸಾಕ್ಷಿ ಹೇಳಲಾಗದು. ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ವಿಡಿಯೋ ಮೂಲಕ ಸಾಕ್ಷ್ಯ ನುಡಿಯಲು ಅರ್ಜಿ ಹಾಕಿಸಿ. ಆಗ ನಿಮ್ಮ ಕಡೆಯ ವ್ಯವಸ್ಥೆ ನೋಡಿಕೊಳ್ಳುವುದು ಭಾರತೀಯ ದೂತಾವಾಸದ ಅಧಿಕಾರಿ.

ಪ್ರಶ್ನೆ: ದುಬೈಯಲ್ಲಿದ್ದೇನೆ. ಏಕಪಕ್ಷೀಯ ಡಿಕ್ರಿ ಆಗಿರುವುದು ಕಳೆದ ವಾರ ಗೊತ್ತಾಯಿತು. ದಾರಿ ಇದೆಯೇ?

ಉತ್ತರ: ಇದೆ. 9ನೇ ಆದೇಶದ 13ನೇ ನಿಯಮದಡಿ ರದ್ದತಿಗೆ ಅರ್ಜಿ ಹಾಕಿ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ 30 ದಿನ, ಅಂದರೆ ಒಂದು ವಾರ ಆಗಲೇ ಹೋಗಿದೆ. ಇ-ಕೋರ್ಟ್ಸ್ ತಾಣದಲ್ಲಿ ಪ್ರಕರಣದ ಗುರುತಾದ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ದಿನವಹಿ (ಪ್ರತಿ ವಿಚಾರಣೆಯ ದಾಖಲೆ) ನೋಡಿ, ಸಮನ್ಸ್ ಯಾವ ವಿಳಾಸಕ್ಕೆ ಹೋಗಿತ್ತು ಎಂದು ವಕೀಲರಿಂದ ಕಡತ ಪರಿಶೀಲನೆ ಮಾಡಿಸಿ. ಖರ್ಚು ಕೊಡಿ ಅಥವಾ ಇಷ್ಟು ಹಣ ಠೇವಣಿ ಇಡಿ ಎಂದು ಕೋರ್ಟ್ ಷರತ್ತು ಹಾಕಬಹುದು, ಆ ಮೊತ್ತ ಕೈಯಲ್ಲಿರಲಿ. ಡಿಕ್ರಿ ಸಮ್ಮರಿ ದಾವೆಯದಾದರೆ 37ನೇ ಆದೇಶದ 4ನೇ ನಿಯಮದಡಿ ಅರ್ಜಿ ಹಾಕಬೇಕು. ಅಲ್ಲಿ ಹಾಜರಾಗದ ಕಾರಣದ ಜೊತೆಗೆ ನಿಮ್ಮ ಪ್ರತಿವಾದ ಏನೆಂಬುದನ್ನೂ ಅದೇ ಅರ್ಜಿಯಲ್ಲಿ ತೋರಿಸಬೇಕಾಗುತ್ತದೆ.